ಯಾವ ಪೈಥಾನ್ ಎಂದು ಮೊದಲ ಪುಟದಲ್ಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಡಿಪ್ಲೊಮಾ, ಡಿಗ್ರಿ, ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ದಿನಗಳು ಹತ್ತಿರ ಬರುತ್ತಿವೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ದಯವಿಟ್ಟು ಪೂರ್ತಿ ಓದಿ.

ನಾನು ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಕೀಬೋರ್ಡ್ ಬದಲಿಸುವುದು, ಹಾರ್ಡ್ ಡಿಸ್ಕ್ ಹಾಕುವುದು, ವಿಂಡೋಸ್ ಹಾಕುವುದು ದಿನದ ಕೆಲಸ. ಆದರೆ ಏಪ್ರಿಲ್, ಮೇ ಬಂತೆಂದರೆ ಅಂಗಡಿಗೆ ಬರುವವರೇ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಮಕ್ಕಳು ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಬರುತ್ತಾರೆ. ಲ್ಯಾಪ್‌ಟಾಪ್ ಕೆಟ್ಟಿರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯಾವುದೋ ಒಂದು ಮಾಡ್ಯೂಲ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಇನ್‌ಸ್ಟಾಲ್ ಆಗಿರುವುದಿಲ್ಲ, ಅಷ್ಟೇ. ನಾನು ನೋಡಿದ ಹೆಚ್ಚಿನ ಕೇಸುಗಳಲ್ಲಿ ಕಾರಣ ಒಂದೇ: ಹಾಕುವ ಮೊದಲು ಆ ಮಾಡ್ಯೂಲ್ ಪೈಥಾನ್‌ನ ಯಾವ ಆವೃತ್ತಿಗೆ ಹೊಂದುತ್ತದೆ ಎಂದು ಯಾರೂ ನೋಡಿರುವುದಿಲ್ಲ, ನೋಡಬೇಕು ಎಂದು ಅವರಿಗೆ ಯಾರೂ ಹೇಳಿಯೂ ಇರುವುದಿಲ್ಲ.

ಕಳೆದ ವರ್ಷ, 2025ರ ಮೇ ತಿಂಗಳ ಒಂದು ಸಂಜೆ. ಇಂಡಿ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಮರುದಿನ ಬೆಳಿಗ್ಗೆ ಅವಳ ವೈವಾ. ದ್ರಾಕ್ಷಿ ಎಲೆಯ ಫೋಟೊ ನೋಡಿ ಯಾವ ರೋಗ ಎಂದು ಹೇಳುವ ಪ್ರಾಜೆಕ್ಟ್, ಅದಕ್ಕೆ ಟೆನ್ಸರ್‌ಫ್ಲೋ ಎಂಬ ಮಾಡ್ಯೂಲ್ ಬೇಕಿತ್ತು. "ಅಣ್ಣಾರ, ಮೂರು ದಿನ ಆತ್ರಿ, ಟೆನ್ಸರ್‌ಫ್ಲೋ ಇನ್‌ಸ್ಟಾಲ್ ಆಗವಲ್ದು. ನೆಟ್ ಸ್ಲೋ ಐತೇನೋ ಅಂತ ಸಿಮ್ ಸುದ್ದಾ ಬದಲಿ ಮಾಡಿ ನೋಡಿದ್ನಿರಿ" ಎಂದಳು.

"ಯಾವ ಪೈಥಾನ್ ಹಾಕೀಯವ್ವಾ?" ಎಂದು ಕೇಳಿದೆ.

"ಹೊಸಾದ್ರಿ."

"ಹೊಸಾದಂದ್ರ ಎಷ್ಟನೇದು?"

ಅವಳಿಗೆ ಗೊತ್ತಿರಲಿಲ್ಲ. ನೋಡಿದರೆ 3.13 ಇತ್ತು. ಪೈಥಾನ್‌ನ ವೆಬ್‌ಸೈಟಿನಲ್ಲಿ ಹಳದಿ ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಇದೆ, ಅದನ್ನು ಒತ್ತಿದರೆ ಆಗ ಎಲ್ಲಕ್ಕಿಂತ ಹೊಸ ಆವೃತ್ತಿಯೇ ಬರುತ್ತಿತ್ತು. ಅಂದರೆ 3.13. ಆದರೆ ಟೆನ್ಸರ್‌ಫ್ಲೋ ಆಗ 2.19ರಲ್ಲಿತ್ತು, ಅದು ಪೈಥಾನ್ 3.9ರಿಂದ 3.12ರವರೆಗೆ ಮಾತ್ರ ಹೊಂದುತ್ತಿತ್ತು. ಮೂರು ದಿನ ಅಲ್ಲ, ಮೂರು ತಿಂಗಳು ಕೂತಿದ್ದರೂ ಅದು ಆ ಲ್ಯಾಪ್‌ಟಾಪಿನಲ್ಲಿ ಆಗುತ್ತಿರಲಿಲ್ಲ.

ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಇತ್ತು. ಕೊನೆಗೆ 'ಫ್ರಮ್ ವರ್ಷನ್ಸ್: ನನ್' ಎಂದಿತ್ತು. ನಿನ್ನ ಪೈಥಾನ್‌ಗೆ ಹೊಂದುವ ಒಂದೂ ಆವೃತ್ತಿ ನನಗೆ ಸಿಗಲಿಲ್ಲ ಎಂದು ಅದರ ಅರ್ಥ. ಹುಡುಗಿ ಅದನ್ನು ನೆಟ್ ಸಮಸ್ಯೆ ಎಂದುಕೊಂಡಿದ್ದಳು. ಗೆಳತಿಯರು ಆಂಟಿವೈರಸ್ ತೆಗೆ ಎಂದರು, ತೆಗೆದಳು. ವಿಂಡೋಸ್ ಹೊಸದಾಗಿ ಹಾಕಿಸು ಎಂದರು, ಅದಕ್ಕೇ ನನ್ನ ಅಂಗಡಿಗೆ ಬಂದಿದ್ದಳು. ನಾನು ವಿಂಡೋಸ್ ಮುಟ್ಟಲಿಲ್ಲ. 3.13 ಪಕ್ಕದಲ್ಲೇ 3.11 ಹಾಕಿದೆ, ಆ ಪ್ರಾಜೆಕ್ಟ್‌ಗೆ ಅಂತಲೇ ಬೇರೆ ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿದೆ, ಅಂದರೆ ಆ ಪ್ರಾಜೆಕ್ಟಿನ ಮಾಡ್ಯೂಲ್‌ಗಳು ಮಾತ್ರ ಕೂರುವ ಬೇರೆ ಜಾಗ. ಟೆನ್ಸರ್‌ಫ್ಲೋ ಕೂತಿತು. ಆದರೆ ಸೀನಿಯರ್‌ಗಳು ಕೊಟ್ಟ ಕೋಡ್ ಓಡಲಿಲ್ಲ. ಅದು ಟೆನ್ಸರ್‌ಫ್ಲೋ ಜೊತೆಗೇ ಬರುವ ಕೆರಾಸ್ ಎಂಬ ಮಾಡ್ಯೂಲ್‌ನ ಹಳೆಯ ಆವೃತ್ತಿ ನಂಬಿಕೊಂಡು ಬರೆದದ್ದು, ಟೆನ್ಸರ್‌ಫ್ಲೋ 2.16ರಿಂದ ಕೆರಾಸ್ 3 ಬಂದುಬಿಟ್ಟಿದೆ. ಮತ್ತೆ ತೆಗೆದು 2.15 ಹಾಕಿದೆ. ಅಷ್ಟರಲ್ಲಿ ರಾತ್ರಿ ಹತ್ತು. ಅವಳ ಅಪ್ಪ ಅಂಗಡಿಯ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದರು. ಊರಿಗೆ ಹೋಗುವ ಬಸ್ಸು ತಪ್ಪಿತ್ತು. ಕೊನೆಗೆ ಫೋಟೊ ಹಾಕಿದಾಗ ಪ್ರೋಗ್ರಾಂ ಉತ್ತರ ಕೊಟ್ಟಿತು. ಆ ಹುಡುಗಿ ಅತ್ತಳು. ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ಒಂದು ನಂಬರ್ ಬರೆದಿಟ್ಟಿದ್ದರೆ ಈ ಮಗುವಿಗೆ ಮೂರು ದಿನ ಉಳಿಯುತ್ತಿತ್ತು.

ಆ ನಂಬರ್ ಎಲ್ಲಿ ಕಳೆದುಹೋಗುತ್ತದೆ ಎಂದು ಹೇಳಬೇಕು, ಯಾಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಸೀನಿಯರ್‌ಗಳು ಕೋಡ್ ಜೊತೆಗೆ ರಿಕ್ವೈರ್‌ಮೆಂಟ್ಸ್ ಎಂಬ ಒಂದು ಫೈಲ್ ಕೊಡುತ್ತಾರೆ. ಮಾಡ್ಯೂಲ್ ಹಾಕಿಕೊಡುವ ಪ್ರೋಗ್ರಾಂ ಪಿಪ್. 'ಪಿಪ್ ಫ್ರೀಜ್' ಎಂದರೆ ಸಾಕು, ಅದು ತಾನಾಗಿ ಮಾಡ್ಯೂಲ್‌ಗಳ ಪಟ್ಟಿ ಬರೆದುಕೊಡುತ್ತದೆ. ನಂಪೈ ಇಷ್ಟು, ಪಾಂಡಾಸ್ ಇಷ್ಟು, ಎಲ್ಲವೂ ಸರಿಯಾದ ನಂಬರಿನೊಂದಿಗೆ. ಆದರೆ ಇವನ್ನೆಲ್ಲ ಹೊತ್ತು ನಿಂತಿರುವ ಪೈಥಾನ್‌ನ ನಂಬರ್ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ಹುಡುಗಿಯ ಫೈಲಿನಲ್ಲೂ ಸಾಲು ಸಾಲಾಗಿ ಮಾಡ್ಯೂಲ್ ಹೆಸರು ಇದ್ದವು, ಪೈಥಾನ್ ಯಾವುದು ಎಂಬ ಒಂದು ಮಾತು ಇರಲಿಲ್ಲ. ಫೈಲಿನ ಮೇಲಿನ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ 'ಪೈಥಾನ್ 3.11' ಎಂದು ಕೈಯಾರೆ ಬರೆಯಬಹುದು, ಹ್ಯಾಶ್ ಇರುವುದರಿಂದ ಪಿಪ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ, ಓದುವ ಮನುಷ್ಯನಿಗೆ ಮಾತ್ರ ಅದು ಕಾಣುತ್ತದೆ.

ನಮ್ಮದು ದ್ರಾಕ್ಷಿಯ ಜಿಲ್ಲೆ, ಹಾಗಾಗಿ ತೋಟದ ಮಾತಿನಲ್ಲೇ ಹೇಳುತ್ತೇನೆ. ತಿಕೋಟಾ ಕಡೆ ನಮ್ಮ ಮನೆಯವರದೂ ಸ್ವಲ್ಪ ದ್ರಾಕ್ಷಿ ಇದೆ. ಮೊದಲು ಡಾಗ್‌ರಿಜ್ ಬೇರಿನ ಸಸಿ ಹಚ್ಚುತ್ತಾರೆ. ಉಪ್ಪು ನೀರು, ಬರ ಎಲ್ಲ ಅದು ತಡೆಯುತ್ತದೆ. ಅದು ಬೆಳೆದ ಮೇಲೆ ಥಾಮ್ಸನ್ನೋ ಸೋನಾಕಾನೋ ಮಾಣಿಕ್ ಚಮನ್ನೋ ಕಸಿ ಕಟ್ಟುತ್ತಾರೆ. ಕಸಿ ಕಟ್ಟುವವನು ಕಡ್ಡಿ ಕೈಯಲ್ಲಿ ಹಿಡಿದ ಕೂಡಲೇ ಬೇರಿನ ಕಾಂಡದ ಪಕ್ಕ ಇಟ್ಟು ದಪ್ಪ ನೋಡುತ್ತಾನೆ. ಎರಡೂ ಹೊಂದಬೇಕು, ಇಲ್ಲದಿದ್ದರೆ ಕಸಿ ಹಿಡಿಯುವುದಿಲ್ಲ, ಎಷ್ಟು ನೀರು ಬಿಟ್ಟರೂ ಒಣಗುತ್ತದೆ. ಪೈಥಾನ್ ಬೇರು ಇದ್ದ ಹಾಗೆ. ಮಾಡ್ಯೂಲ್ ಮೇಲಿನ ಕಡ್ಡಿ. ನಂಪೈ, ಟೆನ್ಸರ್‌ಫ್ಲೋ ಇಂಥವು ಬರೀ ಪೈಥಾನ್‌ನಲ್ಲಿ ಬರೆದವಲ್ಲ. ಒಳಗೆ ಸಿ, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ತಯಾರು ಮಾಡಿದ ಭಾಗ ಇರುತ್ತದೆ, ಅದು ಪೈಥಾನ್‌ನ ಒಳಗಿನ ರಚನೆಗೇ ಹೋಗಿ ಕೂಡಿಕೊಳ್ಳುತ್ತದೆ. ಹಾಗಾಗಿ 3.11ಕ್ಕೆ ಒಂದು ಫೈಲ್, 3.12ಕ್ಕೆ ಇನ್ನೊಂದು ಫೈಲ್ ಮಾಡಬೇಕಾಗುತ್ತದೆ. ಆ ಫೈಲ್ ಹೆಸರಿನಲ್ಲೇ 'ಸಿಪಿ311', 'ಸಿಪಿ312' ಎಂದು ಬರೆದಿರುತ್ತಾರೆ. ಸಿಪಿ311 ಎಂದರೆ 3.11ರ ಬೇರಿಗೆ ಮಾಡಿದ ಕಡ್ಡಿ ಎಂದೇ ತಿಳಿಯಿರಿ. ಪೈಥಾನ್‌ನ ಹೊಸ ಆವೃತ್ತಿ ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ, ನಮ್ಮಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ನಡೆಯುವ ಹೊತ್ತಿಗೆ. 2024ರ ಅಕ್ಟೋಬರ್‌ನಲ್ಲಿ 3.13 ಬಂತು, 2025ರ ಅಕ್ಟೋಬರ್‌ನಲ್ಲಿ 3.14 ಬಂತು. ಅದಕ್ಕೆ ಹೊಂದುವ ಹಾಗೆ ದೊಡ್ಡ ದೊಡ್ಡ ಮಾಡ್ಯೂಲ್‌ಗಳು ತಯಾರಾಗಲು ತಿಂಗಳುಗಳೇ ಬೇಕು. ಟೆನ್ಸರ್‌ಫ್ಲೋ 3.13ಕ್ಕೆ ಹೊಂದಿದ್ದು 2025ರ ಆಗಸ್ಟ್‌ನಲ್ಲಿ, 2.20 ಬಂದಾಗ. ಅಂದರೆ ಹತ್ತು ತಿಂಗಳು.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಹಳದಿ ಬಟನ್ ಒತ್ತಬೇಡಿ. ಎಲ್ಲಕ್ಕಿಂತ ಹೊಸದಕ್ಕಿಂತ ಒಂದೆರಡು ಹಿಂದಿನದನ್ನು ಹಾಕಿಕೊಳ್ಳಿ. ಹಿಂದಿನದು ಎಂದರೆ ಕೆಟ್ಟದ್ದು ಎಂದಲ್ಲ. ಪ್ರತಿ ಆವೃತ್ತಿಗೂ ಸುಮಾರು ಐದು ವರ್ಷ ಭದ್ರತೆಯ ತಿದ್ದುಪಡಿ ಬರುತ್ತಲೇ ಇರುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ 3.11ಕ್ಕೆ 2027ರ ಅಕ್ಟೋಬರ್‌ವರೆಗೂ ಬರುತ್ತದೆ. ಬಹಳ ಹಳೆಯದಕ್ಕೂ ಹೋಗಬಾರದು. ಪೈಥಾನ್ 2.7 ಅಂತೂ 2020ರ ಜನವರಿ 1ಕ್ಕೇ ಮುಗಿದಿದೆ. ಆದರೂ ಅದರ ಹಳೆಯ ರೀತಿಯಲ್ಲಿ ಬ್ರಾಕೆಟ್ ಇಲ್ಲದೆ 'ಪ್ರಿಂಟ್' ಎಂದು ಬರೆದ ನೋಟ್ಸ್ ಇನ್ನೂ ಮಕ್ಕಳ ಕೈಯಲ್ಲಿ ನೋಡುತ್ತೇನೆ.

ನಂಬರ್ ಓದುವುದರಲ್ಲೇ ಒಂದು ತೊಡಕಿದೆ. 3.9 ಮತ್ತು 3.10 ಇವುಗಳಲ್ಲಿ ಯಾವುದು ಹೊಸದು? ಲೆಕ್ಕದ ಪಾಠ ಕಲಿತ ಮಕ್ಕಳು 3.9 ದೊಡ್ಡದು ಎನ್ನುತ್ತಾರೆ, ಯಾಕೆಂದರೆ ದಶಾಂಶದಲ್ಲಿ 3.10 ಎಂದರೆ 3.1 ಅಲ್ವಾ. ಆದರೆ ಇದು ದಶಾಂಶ ಅಲ್ಲ. ಜಮೀನಿನ ಉತಾರದಲ್ಲಿ ಸರ್ವೆ ನಂಬರ್ 45/9 ಆದ ಮೇಲೆ 45/10 ಬರುತ್ತದಲ್ಲ, ಹಾಗೆ. ಒಂಬತ್ತರ ಮುಂದೆ ಹತ್ತು. 3.10 ಎಂದರೆ 3.9ರ ಮುಂದಿನದು. ಒಬ್ಬ ಹುಡುಗ '3.10 ಅಥವಾ ಮೇಲಿನದು ಬೇಕು' ಎಂದು ಓದಿ, ನನ್ನ ಹತ್ತಿರ 3.9 ಇದೆ ಸಾಕು ಎಂದು ಎರಡು ದಿನ ಕಳೆದಿದ್ದ. ತಪ್ಪು ಅವನದಲ್ಲ, ಯಾರಾದರೂ ಒಮ್ಮೆ ಹೇಳಿಕೊಟ್ಟಿದ್ದರೆ ಸಾಕಿತ್ತು.

ಇನ್‌ಸ್ಟಾಲ್ ಆಗದೇ ಇದ್ದರೆ ಒಂದು ರೀತಿ ಒಳ್ಳೆಯದೇ, ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತದೆ. ಸದ್ದಿಲ್ಲದೆ ಆಗಿಬಿಟ್ಟರೆ ಇನ್ನೂ ಕಷ್ಟ. ಇದು ಹೇಗೆಂದರೆ, ಒಂದು ಲ್ಯಾಬ್‌ನಲ್ಲಿ ಇನ್ನೂ ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್‌ಗಳಿವೆ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8, ಅದರ ಮೇಲಿನದು ಅಲ್ಲಿ ಕೂರುವುದೇ ಇಲ್ಲ. ಅಲ್ಲಿ ಪಾಂಡಾಸ್ ಹಾಕಿ ಎಂದರೆ ಪಿಪ್ ಜಗಳ ಮಾಡುವುದಿಲ್ಲ. 3.8ಕ್ಕೆ ಹೊಂದುವ ಹಳೆಯ ಆವೃತ್ತಿಯನ್ನು ಹುಡುಕಿ ಸುಮ್ನೆ ಹಾಕಿಬಿಡುತ್ತದೆ. 3.8ಕ್ಕೆ ಸಿಗುವ ಕೊನೆಯ ಪಾಂಡಾಸ್ 2.0.3, ಕೊನೆಯ ನಂಪೈ 1.24.4. ಅದೇ ಹುಡುಗ ಮನೆಗೆ ಹೋಗಿ ತನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಆಜ್ಞೆ ಕೊಟ್ಟರೆ ಅಲ್ಲಿ ಪಾಂಡಾಸ್ ಜೊತೆಗೆ ನಂಪೈ 2 ಬಂದು ಕೂರುತ್ತದೆ. ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ, ಹಳೆಯ ನಂಪೈ ಜೊತೆ ತಯಾರಾದ ಎಷ್ಟೋ ಮಾಡ್ಯೂಲ್‌ಗಳು ಅದರ ಜೊತೆ ಓಡುವುದಿಲ್ಲ. ಲ್ಯಾಬ್‌ನಲ್ಲಿ ಓಡಿದ್ದು ಮನೆಯಲ್ಲಿ ಓಡುವುದಿಲ್ಲ, ಮನೆಯಲ್ಲಿ ಓಡಿದ್ದು ಪರೀಕ್ಷಕರ ಮುಂದೆ ಓಡುವುದಿಲ್ಲ. ಹುಡುಗ ತನಗೇ ಏನೂ ಬರುವುದಿಲ್ಲ ಎಂದುಕೊಂಡು ಕುಗ್ಗುತ್ತಾನೆ. ನನಗೆ ಅತಿ ಬೇಸರ ಆಗುವುದು ಇದಕ್ಕೇ.

ಲ್ಯಾಬ್ ಪುಸ್ತಕಗಳ ಕಥೆಯೂ ಹೀಗೇ. 2021ರಲ್ಲಿ ಬರೆದ ಪುಸ್ತಕದಲ್ಲಿ ಪಾಂಡಾಸ್ ಕೋಷ್ಟಕಕ್ಕೆ ಹೊಸ ಸಾಲು ಸೇರಿಸಲು 'ಅಪೆಂಡ್' ಎಂದು ಕೊಟ್ಟಿದ್ದಾರೆ. ಅದು ಆಗ ಸರಿ ಇತ್ತು. 2023ರಲ್ಲಿ ಪಾಂಡಾಸ್ 2.0 ಬಂದಾಗ ಅದನ್ನು ತೆಗೆದುಹಾಕಿದರು, ಈಗ 'ಕಾನ್‌ಕ್ಯಾಟ್' ಬಳಸಬೇಕು. ಪುಸ್ತಕ ಬರೆದವರನ್ನು ನಾನು ದೂರುತ್ತಿಲ್ಲ. ಅವರು ಮೊದಲ ಪುಟದಲ್ಲಿ 'ಈ ಪ್ರೋಗ್ರಾಂಗಳನ್ನು ಪೈಥಾನ್ 3.8, ಪಾಂಡಾಸ್ 1.2ರಲ್ಲಿ ಓಡಿಸಿ ನೋಡಿದ್ದೇವೆ' ಎಂದು ಒಂದು ಸಾಲು ಬರೆದಿದ್ದರೆ ಆ ಪುಸ್ತಕ ಇಂದಿಗೂ ಬಳಕೆಗೆ ಬರುತ್ತಿತ್ತು.

ದುಡ್ಡಿನ ಮಾತೂ ಇದೆ. ಹಳ್ಳಿಯ ಮಕ್ಕಳು ಹೆಚ್ಚಾಗಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡುತ್ತಾರೆ, ದಿನಕ್ಕೆ ಒಂದೂವರೆ ಜಿಬಿ. ಟೆನ್ಸರ್‌ಫ್ಲೋ ಒಂದು ಸಲ ಇಳಿಸಿದರೆ ನೂರಾರು ಎಂಬಿ ಹೋಗುತ್ತದೆ. ಇನ್ನು ಕೆಲವು ಮಾಡ್ಯೂಲ್‌ಗಳಿಗೆ ನಿಮ್ಮ ಪೈಥಾನ್‌ಗೆ ತಯಾರಾದ ಫೈಲ್ ಇಲ್ಲದಿದ್ದರೆ ಪಿಪ್ ಅದರ ಮೂಲ ಕೋಡ್ ಇಳಿಸಿ ನಿಮ್ಮ ಕಂಪ್ಯೂಟರ್‌ನಲ್ಲೇ ತಯಾರು ಮಾಡಲು ಹೋಗುತ್ತದೆ. ಆಗ 'ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಬೇಕು' ಎಂಬ ಸಂದೇಶ ಬರುತ್ತದೆ. ಪಾಪ, ಮಕ್ಕಳು ಅದನ್ನು ನಂಬಿ ಹಲವು ಜಿಬಿಯ ಬಿಲ್ಡ್ ಟೂಲ್ಸ್ ಇಳಿಸಲು ಕೂರುತ್ತಾರೆ, ದಿನಗಟ್ಟಲೆ. ಬಹಳ ಸಲ ಅದು ಬೇಕಾಗಿಯೇ ಇರುವುದಿಲ್ಲ. ಪೈಥಾನ್ ಒಂದು ಮೆಟ್ಟಿಲು ಕೆಳಗೆ ಇಳಿಸಿದರೆ ತಯಾರಾದ ಫೈಲೇ ಸಿಕ್ಕಿಬಿಡುತ್ತದೆ.

ಕೆಂಪು ಅಕ್ಷರ ಕಂಡರೆ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹೆದರುತ್ತಾರೆ, ಓದುವುದೇ ಇಲ್ಲ, ಕೊನೆಯ ಸಾಲನ್ನು ಮಾತ್ರ ಫೋಟೊ ಹೊಡೆದು ಕಳಿಸುತ್ತಾರೆ. ನಾನು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಮೇಲಿನ ಸಾಲು ಓದಿಸುತ್ತೇನೆ. ಅಲ್ಲಿ ಎಷ್ಟೋ ಸಲ ಉತ್ತರವೇ ಇರುತ್ತದೆ. 'ಬೇರೆ ಪೈಥಾನ್ ಬೇಕಾಗಿರುವ ಈ ಆವೃತ್ತಿಗಳನ್ನು ಬಿಟ್ಟಿದ್ದೇನೆ' ಎಂದು ಹೇಳಿ, ಯಾವ ಆವೃತ್ತಿಗೆ ಯಾವ ಪೈಥಾನ್ ಬೇಕು ಎಂದು ಪಿಪ್ ಒಂದೊಂದಾಗಿ ಬರೆದಿರುತ್ತದೆ. ಇಂಗ್ಲಿಷ್ ಬಹಳ ಬರಬೇಕಾಗಿಲ್ಲ, 'ರಿಕ್ವೈರ್ಸ್ ಪೈಥಾನ್' ಎಂಬ ಎರಡು ಪದ ಗುರುತು ಹಿಡಿದರೆ ಸಾಕು.

ಇನ್ನು ನೋಡುವುದು ಹೇಗೆ? ಐದು ನಿಮಿಷದ ಕೆಲಸ. ಕಮಾಂಡ್ ಪ್ರಾಂಪ್ಟ್ ತೆರೆದು 'ಪೈಥಾನ್' ಎಂದು ಬರೆದು ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕಿ 'ವರ್ಷನ್' ಎಂದರೆ ನಿಮ್ಮ ನಂಬರ್ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ 'ಪೈ' ಎಂದು ಬರೆದು ಜಾಗ ಬಿಟ್ಟು ಒಂದು ಅಡ್ಡಗೆರೆ, ಸೊನ್ನೆ ಹಾಕಿದರೆ ನಿಮ್ಮಲ್ಲಿ ಎಷ್ಟು ಪೈಥಾನ್ ಕೂತಿವೆ ಎಂಬ ಪಟ್ಟಿ ಬರುತ್ತದೆ. ಎರಡು ಮೂರು ಇದ್ದರೆ ಆಶ್ಚರ್ಯಪಡಬೇಡಿ. ಆಮೇಲೆ ಮಾಡ್ಯೂಲ್‌ಗಳು ಸಿಗುವ ಪೈಪಿಐ ವೆಬ್‌ಸೈಟಿನಲ್ಲಿ ಆ ಮಾಡ್ಯೂಲ್‌ನ ಪುಟ ತೆರೆಯಿರಿ. ಎಡಗಡೆ 'ರಿಕ್ವೈರ್ಸ್: ಪೈಥಾನ್' ಎಂದು ಇರುತ್ತದೆ. ಪಿಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದನ್ನು. ಅದೇ ಪುಟದಲ್ಲಿ ಕೆಳಗೆ 3.9, 3.10, 3.11 ಎಂದು ಆವೃತ್ತಿಗಳ ಪಟ್ಟಿಯೂ ಇರುತ್ತದೆ, ಅದು ಬರೀ ಮಾಹಿತಿ, ಪಿಪ್ ಅದನ್ನು ನೋಡುವುದಿಲ್ಲ. ಆದರೆ ನೀವು ನೋಡಿ. 'ರಿಕ್ವೈರ್ಸ್' ಸಾಲಿನಲ್ಲಿ '3.9 ಅಥವಾ ಮೇಲೆ' ಎಂದು ಮಾತ್ರ ಇದ್ದರೆ 3.14ಕ್ಕೂ ಆಗುತ್ತದೆ ಎಂದು ತಿಳಿಯಬೇಡಿ, ಟೆನ್ಸರ್‌ಫ್ಲೋದಲ್ಲಿ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಡೌನ್‌ಲೋಡ್ ಫೈಲ್‌ಗಳ ಪಟ್ಟಿ ತೆರೆದು ನಿಮ್ಮ ನಂಬರಿನ ಸಿಪಿ ಇರುವ, ವಿನ್ ಎಎಂಡಿ64 (ಅಂದರೆ 64 ಬಿಟ್ ವಿಂಡೋಸ್) ಎಂದು ಬರೆದಿರುವ ಫೈಲ್ ಇದೆಯೇ ನೋಡಿ. ಇದ್ದರೆ ಧೈರ್ಯವಾಗಿ ಹಾಕಿ. ಕೆಲವು ಮಾಡ್ಯೂಲ್‌ಗಳು ಪೂರ್ತಿ ಪೈಥಾನ್‌ನಲ್ಲೇ ಬರೆದವು, ಅವುಗಳ ಫೈಲಿನಲ್ಲಿ 'ಪಿವೈ3' ಎಂದು ಮಾತ್ರ ಇರುತ್ತದೆ, ಅವು ಹೆಚ್ಚು ತೊಂದರೆ ಕೊಡುವುದಿಲ್ಲ.

ಹಾಕುವಾಗ ಬರೀ 'ಪಿಪ್ ಇನ್‌ಸ್ಟಾಲ್' ಎನ್ನುವ ಬದಲು 'ಪೈಥಾನ್ ಅಡ್ಡಗೆರೆ ಎಂ ಪಿಪ್ ಇನ್‌ಸ್ಟಾಲ್' ಎಂದು ಪೂರ್ತಿ ಬರೆಯಿರಿ. ಆಗ ಯಾವ ಪೈಥಾನ್ ಓಡಿಸುತ್ತೀರೋ ಅದಕ್ಕೇ ಹೋಗಿ ಕೂರುತ್ತದೆ. ಇಲ್ಲದಿದ್ದರೆ ಯಶಸ್ವಿಯಾಗಿ ಹಾಕಿದೆ ಎಂದು ಒಂದು ಕಡೆ ಬರುತ್ತದೆ, ಓಡಿಸಿದರೆ ಆ ಹೆಸರಿನ ಮಾಡ್ಯೂಲೇ ಇಲ್ಲ ಎಂದು ಇನ್ನೊಂದು ಕಡೆ ಬರುತ್ತದೆ. ಒಂದೊಂದು ಪ್ರಾಜೆಕ್ಟ್‌ಗೂ ಬೇರೆ ಬೇರೆ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿಕೊಳ್ಳಿ, ಎಲ್ಲ ಆದ ಮೇಲೆ 'ಪಿಪ್ ಚೆಕ್' ಎಂದು ಒಮ್ಮೆ ಓಡಿಸಿ, ಮಾಡ್ಯೂಲ್‌ಗಳ ನಡುವೆ ಹೊಂದಾಣಿಕೆ ತಪ್ಪಿದ್ದರೆ ಅದು ಹೇಳುತ್ತದೆ.

ಕೆಲವು ಮೇಷ್ಟ್ರು ಇದೆಲ್ಲ ಯಾಕೆ, ನೆಟ್ ಮೇಲೆಯೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್ ಬಳಸಿ ಎನ್ನುತ್ತಾರೆ. ಕಲಿಯಲು ಅದು ಒಳ್ಳೆಯದೇ. ಆದರೆ ಅಲ್ಲಿನ ಪೈಥಾನ್ ಕೂಡ ಆಗಾಗ ಮುಂದಕ್ಕೆ ಹೋಗುತ್ತಿರುತ್ತದೆ, ಜನವರಿಯಲ್ಲಿ ಓಡಿದ ಪ್ರೋಗ್ರಾಂ ಮೇ ತಿಂಗಳಲ್ಲಿ ಓಡಬೇಕೆಂದಿಲ್ಲ. ವೈವಾ ಕೋಣೆಯಲ್ಲಿ ನೆಟ್ ಇರಬೇಕು, ಅದೂ ಇದೆ.

ನಮ್ಮ ಮೂರೂ ಜಿಲ್ಲೆಗಳ, ಅಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಡಿಪ್ಲೊಮಾ, ಡಿಗ್ರಿ, ಎಂಜಿನಿಯರಿಂಗ್ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಲ್ಯಾಬ್‌ನ ಬೋರ್ಡ್ ಮೇಲೆ ವರ್ಷದ ಮೊದಲ ದಿನ ಈ ವರ್ಷ ನಾವು ಬಳಸುವ ಪೈಥಾನ್ ಇಷ್ಟು ಎಂದು ಬರೆದು ಹಾಕಿ. ಲ್ಯಾಬ್ ಪುಸ್ತಕದ ಮೊದಲ ಪುಟದಲ್ಲೂ ಬರೆಯಿರಿ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂದು ಒಂದು ಪುಟ ಬರೆಸುತ್ತೀರಿ, ಅದೇ ಪುಟದಲ್ಲಿ ಪೈಥಾನ್‌ನ ಪೂರ್ತಿ ನಂಬರ್, ಮುಖ್ಯ ಮಾಡ್ಯೂಲ್‌ಗಳ ನಂಬರ್ ಬರೆಸಿ. ಬರೀ 'ಪೈಥಾನ್' ಎಂದು ಬರೆದ ರಿಪೋರ್ಟ್ ಹಿಂದಕ್ಕೆ ಕೊಡಿ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತಯಾರಾದ ಪ್ರಾಜೆಕ್ಟ್ ದುಡ್ಡು ಕೊಟ್ಟು ತರುವ ಮಕ್ಕಳೂ ಇದ್ದಾರೆ, ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಆದರೆ ಅಂಥ ಕಡೆಯೂ ಹುಡುಗರಿಗೆ ಆವೃತ್ತಿಯ ನಂಬರ್ ಕೊಡದೆ ಕಳಿಸುವುದು ಅನ್ಯಾಯ.

ಸಂಪಾದಕರೇ, ನಿಮ್ಮಲ್ಲೂ ಒಂದು ಮಾತು. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಬರಹಗಳು ಈಗ ಬರುತ್ತಿವೆ, ನನಗೆ ಅದು ಬಹಳ ಸಂತೋಷ. ಅಂಥ ಬರಹ ಅಚ್ಚು ಮಾಡುವಾಗ ಕೆಳಗೆ ಒಂದು ಸಾಲು ಹಾಕಿಸಿ: ಯಾವ ಪೈಥಾನ್, ಯಾವ ತಿಂಗಳು ಓಡಿಸಿ ನೋಡಿದ್ದು. ಎರಡು ವರ್ಷ ಬಿಟ್ಟು ಯಾರಾದರೂ ಕತ್ತರಿಸಿ ಇಟ್ಟ ಆ ಹಾಳೆ ತೆಗೆದರೆ ಅವರಿಗೆ ದಾರಿ ಸಿಗುತ್ತದೆ.

ನನ್ನ ಅಂಗಡಿಯ ಗೋಡೆಗೆ ಕಳೆದ ಜೂನ್‌ನಿಂದ ಒಂದು ಹಾಳೆ ಅಂಟಿಸಿದ್ದೇನೆ. ಮಕ್ಕಳು ಹೆಚ್ಚಾಗಿ ಬಳಸುವ ಮಾಡ್ಯೂಲ್‌ಗಳು, ಅವು ಹೊಂದುವ ಪೈಥಾನ್, ನಾನೇ ಹಾಕಿ ನೋಡಿದ ತಾರೀಖು. ತಿಂಗಳಿಗೊಮ್ಮೆ ತಿದ್ದುತ್ತೇನೆ. ನಿಮ್ಮ ಶಿಕ್ಷಣ ಪುಟದಲ್ಲಿ ಒಂದು ಮೂಲೆ ಕೊಟ್ಟರೆ ಪ್ರತಿ ತಿಂಗಳು ಅದನ್ನು ಬರೆದು ಕಳಿಸಲು ಸಿದ್ಧ, ದುಡ್ಡು ಬೇಡ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ವಿಜಯಪುರ